ಪ್ಲಾಟಿನಮ್ಮಿನ ಮೂರು ಔಷಧಗಳು

ಒಡವೆಗಳಲ್ಲಿ ಮೆರೆಯುವ ಪ್ಲಾಟಿನಮ್ ಲೋಹವು ರೋಗಿಯ ಹಾಸುಗೆಯ ಬಳಿಗೂ ಬಂದು ಪ್ರಾಣವನ್ನುಳಿಸುವುದೆಂದರೆ ಹಲವರಿಗೆ ಆಶ್ಚರ್ಯವಾದೀತು. ಅರ್ಬುದರೋಗಕ್ಕೆ, ಎಂದರೆ ಕ್ಯಾನ್ಸರಿಗೆ, ಕೊಡುವ ಔಷಧಗಳಲ್ಲಿ ಸಿಸ್‌ಪ್ಲಾಟಿನ್, ಕಾರ್ಬೊಪ್ಲಾಟಿನ್, ಆಕ್ಸಾಲಿಪ್ಲಾಟಿನ್ ಎಂಬ ಮೂರೂ ಈ ಲೋಹದಿಂದಾದುವು. ಒಂದೇ ಮನೆತನದವಾದರೂ ಇವುಗಳ ಗುಣದೋಷಗಳು ಬೇರೆ ಬೇರೆ. ಶುಶ್ರೂಷೆಯ ಭಾರವು ಬಹುಮಟ್ಟಿಗೆ ಮನೆಯವರ ಮೇಲೆಯೇ ಬೀಳುವುದರಿಂದ, ಈ ಭೇದವನ್ನು ವಾಚಕರಿಗೆ ತಿಳಿಸುವುದು ಉಚಿತವೆಂದು ಭಾವಿಸಿದ್ದೇವೆ.

ಮೂರರಲ್ಲಿ ಹಿರಿಯದು ಸಿಸ್‌ಪ್ಲಾಟಿನ್. ಇಟಲಿಯ ಮಿಕೇಲೆ ಪೆಯ್ರೋನೆ ಎಂಬ ರಸಾಯನಶಾಸ್ತ್ರಜ್ಞರು ಹತ್ತೊಂಬತ್ತನೆಯ ಶತಮಾನದ ನಡುವೆಯೇ ಇದನ್ನು ಸಿದ್ಧಪಡಿಸಿದ್ದರೂ ಇದರ ಶಕ್ತಿಯು ಬಹುಕಾಲ ಮರೆಯಾಗಿಯೇ ಇದ್ದಿತು. ಅಮೆರಿಕದ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾನಿಲಯದಲ್ಲಿ ಬಾರ್ನೆಟ್ ರೋಸನ್‌ಬರ್ಗರು ಸೂಕ್ಷ್ಮಜೀವಿಗಳಿದ್ದ ದ್ರವದಲ್ಲಿ ಪ್ಲಾಟಿನಮ್ ಕಡ್ಡಿಗಳ ಮೂಲಕ ವಿದ್ಯುತ್ತನ್ನು ಹರಿಸಲು, ಆ ಜೀವಿಗಳು ಒಡೆದು ಎರಡಾಗದೆ ನೂಲಿನಂತೆ ಉದ್ದವಾದುವು. ಕಡ್ಡಿಯಿಂದ ಬಿಟ್ಟ ಲೋಹವೇ ಇದಕ್ಕೆ ಕಾರಣವೆಂದು ತಿಳಿಯಿತು. ಈ ಸಂಗತಿಯು 1965ರಲ್ಲಿ ಪ್ರಕಟವಾಯಿತು. ಪ್ಲಾಟಿನಮ್ ಜೀವಕೋಶದ ಡಿ.ಎನ್.ಎ.ಗೆ ತೊಡರಿಕೊಂಡು, ಕೋಶವು ಇಮ್ಮಡಿಯಾಗದಂತೆ ತಡೆಯುವುದು. 1978ರಲ್ಲಿ ಅಮೆರಿಕದಲ್ಲಿ ಈ ಔಷಧಕ್ಕೆ ಅನುಮತಿ ದೊರೆಯಿತು.

ಆದರೆ ಸಿಸ್‌ಪ್ಲಾಟಿನ್ ಮೂತ್ರಪಿಂಡಗಳನ್ನು ನೋಯಿಸಬಲ್ಲುದು; ಆದುದರಿಂದಲೇ ಔಷಧದೊಡನೆ ರಕ್ತನಾಳದ ಮೂಲಕ ಲವಣಜಲವನ್ನು ಯಥೇಚ್ಛವಾಗಿ ಕೊಡುತ್ತಾರೆ. ತೀವ್ರವಾದ ವಾಂತಿಯುಂಟಾಗುವುದು, ಇದಕ್ಕೆ ಈಗ ಒಳ್ಳೆಯ ತಡೆಗಳುಂಟು. ಕಿವಿಯಲ್ಲಿ ಮೊರೆತ, ಶ್ರವಣನಷ್ಟ, ಕೈಕಾಲುಗಳ ಜೋಮು ಇವೂ ತೋರಬಹುದು. ಹೋದ ಶ್ರವಣವು ಸಾಮಾನ್ಯವಾಗಿ ಮರಳುವುದಿಲ್ಲ.

1989ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಕಾರ್ಬೊಪ್ಲಾಟಿನ್ ಮೂತ್ರಪಿಂಡಕ್ಕೂ ಕಿವಿಗೂ ಹೆಚ್ಚು ಸೌಮ್ಯ. ಆದರೆ ಇದು ಅಸ್ಥಿಮಜ್ಜೆಯನ್ನು ಕುಗ್ಗಿಸಿ, ರಕ್ತಸ್ರಾವವನ್ನು ತಡೆಯುವ ಪ್ಲೇಟ್‌ಲೆಟ್ ಕಣಗಳನ್ನು ವಿಶೇಷವಾಗಿ ಕಡಮೆಮಾಡುವುದು. ದೊಡ್ಡ ಕರುಳಿನ ಅರ್ಬುದಕ್ಕೆ ಬಳಸುವ ಆಕ್ಸಾಲಿಪ್ಲಾಟಿನ್ನಿನ ಬಾಧೆಯು ನರಗಳಲ್ಲಿ. ತಣ್ಣೀರನ್ನು ಮುಟ್ಟಿದರೆ ಬೆರಳುಗಳಲ್ಲಿಯೂ, ಕುಡಿದರೆ ಗಂಟಲಿನಲ್ಲಿಯೂ ಚುಚ್ಚಿದಂತಾಗುವುದು. ಸರದಿಗಳು ಕೂಡಿದಂತೆ ಜೋಮು ಹೆಚ್ಚುತ್ತ ನಿಂತುಬಿಡಲೂಬಹುದು.

ಹಾಗಾದರೆ ಸೌಮ್ಯವಾದುದನ್ನೇ ಎಲ್ಲರಿಗೂ ಕೊಡಬಾರದೇಕೆ? ಅಂಡಾಶಯದ ಅರ್ಬುದದಲ್ಲಿ ಕಾರ್ಬೊಪ್ಲಾಟಿನ್ ಹಿರಿಯಣ್ಣನಿಗೆ ಸಮನಾಗಿ ನಿಂತಿದೆ. ಆದರೆ ಹರಡಿದ ವೃಷಣದ ಅರ್ಬುದದಲ್ಲಿ ಸಿಸ್‌ಪ್ಲಾಟಿನ್ನಿನ ಸ್ಥಾನದಲ್ಲಿ ಅದನ್ನಿಟ್ಟಾಗ ಗುಣವಾದವರ ಸಂಖ್ಯೆ ಇಳಿಯಿತು. ತರುಣರನೇಕರನ್ನು ಪೂರ್ಣವಾಗಿ ಬದುಕಿಸುವ ಔಷಧವನ್ನು ವಾಂತಿಯ ಭಯದಿಂದ ಬಿಡುವುದು ಜಾಣತನವಲ್ಲ.

ಮನೆಯವರು ಮಾಡಬೇಕಾದುದು ಇಷ್ಟು: ಜ್ವರವು 100.4 ಡಿಗ್ರಿಗೆ ಏರಿದರೆ ಬೆಳಗಾಗುವವರೆಗೂ ಕಾಯದೆ ಆಸ್ಪತ್ರೆಗೆ ತಿಳಿಸಬೇಕು. ಮೂತ್ರ ಕಡಮೆಯಾದರೂ, ಕಿವಿ ಮೊರೆದರೂ, ಒಸಡಿನಿಂದ ರಕ್ತ ಒಸರಿದರೂ, ಗುಂಡಿ ಹಾಕಿಕೊಳ್ಳಲು ಬೆರಳು ತೊಡರಿದರೂ ಮುಂದಿನ ಸರದಿಗೆ ಮೊದಲೇ ವೈದ್ಯರಿಗೆ ಹೇಳಬೇಕು. ರೋಗಿಯು ಔಷಧವನ್ನು ನಿಲ್ಲಿಸಿಯಾರೆಂಬ ಅಂಜಿಕೆಯಿಂದ ಇವನ್ನು ಮುಚ್ಚಿಡುವುದುಂಟು. ಹೇಳಿದರೆ ಪ್ರಮಾಣವನ್ನು ಬದಲಿಸಲು ಅವಕಾಶವಿದೆ. ಮುಚ್ಚಿಟ್ಟರೆ ಆ ಅವಕಾಶವೂ ತಪ್ಪುವುದು.