ಯಾವ ಘಟ್ಟ ತೆರೆದಿದೆ?

ಆಷಾಢದ ಮಳೆ ಮೂರನೇ ದಿನವೂ ಬಿಟ್ಟಿಲ್ಲ. ಶಿರಸಿಯ ಅಡಿಕೆ ವಖಾರಿಯೊಂದರಲ್ಲಿ ಸಂಜೆ ಐದಕ್ಕೇ ಟ್ಯೂಬ್‌ಲೈಟು ಹೊತ್ತಿದೆ. ಗೋಡೆಗುಂಟ ಗೋಣಿಚೀಲಗಳು, ಚಾಲಿಯ ಒಣ ವಾಸನೆ, ಬಾಗಿಲ ಮೂಲೆಯಲ್ಲಿ ನೀರು ಸೋರಿಸುತ್ತ ನಿಂತ ನಾಲ್ಕೈದು ಛತ್ರಿ. ಯಜಮಾನರು ಮೇಜಿನ ಮೇಲೆ ಸ್ಯಾಂಪಲ್ ಕಟ್ಟುತ್ತಿದ್ದಾರೆ. ರಾಶಿ, ಚಾಲಿ, ಬೆಟ್ಟೆ, ಒಂದೊಂದಕ್ಕೂ ಎರಡೆರಡು ಪ್ಲಾಸ್ಟಿಕ್ ಕವರು, ಬಾಯಿಗೆ ಬಿಗಿಯಾಗಿ ರಬ್ಬರ್ ಬ್ಯಾಂಡು. ಮಳೆಗಾಲದ ತೇವ ತಾಗಿದರೆ ಅಡಿಕೆ ಮೆತ್ತಗಾಗುತ್ತದೆ. ಮೆತ್ತಗಾದ ಮಾಲನ್ನು ನೋಡಿ ದರ ಏರಿಸಿದ ಖರೀದಿದಾರ ಇನ್ನೂ ಹುಟ್ಟಿಲ್ಲ.

ನಾಳೆ ಮಧ್ಯಾಹ್ನ ಮಂಗಳೂರಿನಲ್ಲಿ ಮಾತುಕತೆ. ಬೆಳಗಿನ ಜಾವ ಹೊರಟು ದೇವಿಮನೆ ಘಟ್ಟ ಇಳಿದು ಕುಮಟಾದಲ್ಲಿ ರೈಲು ಹಿಡಿಯುವುದೆಂದು ಯೋಚನೆಯಾಗಿತ್ತು. ಅಷ್ಟರಲ್ಲಿ ಫೋನು ಬಂತು. ಆ ಕಡೆಯ ದನಿ ಮೇಜಿನಾಚೆ ಕೂತವರಿಗೂ ಕೇಳುವಷ್ಟು ದೊಡ್ಡದು. "ದೇವಿಮನೆಲಿ ಮರ ಬಿದ್ದಿದ್ದಡ ಭಾವ, ಲಾರಿ ಸಾಲು ನಿಂತಿದ್ದು. ಮಾವಿನಗುಂಡಿ ಮೇಲೆ ಹೋಗು, ಅಡ್ಡಿಲ್ಲೆ."

ಯಜಮಾನರು ಮುಖ ಸಪ್ಪೆ ಮಾಡಲಿಲ್ಲ. ಚೀಟಿಯ ಹಿಂಬದಿಗೆ ಹೊಸ ಲೆಕ್ಕ ಬರೆದರು. ಊಟ ಮುಗಿಸಿ ರಾತ್ರಿಯೇ ಸಿದ್ದಾಪುರ, ಅಲ್ಲಿ ನೆಂಟರ ಮನೆಯಲ್ಲಿ ನಿದ್ದೆ, ನಾಲ್ಕಕ್ಕೆ ಎದ್ದು ಮಾವಿನಗುಂಡಿ, ಗೇರುಸೊಪ್ಪೆಯ ದಾರಿಯಲ್ಲಿ ಹೊನ್ನಾವರ. ಅಲ್ಲಿ ರೈಲು ಸಿಕ್ಕರೆ ರೈಲು, ಇಲ್ಲವಾದರೆ ಬಸ್ಸು. ಬ್ಯಾಗಿಗೆ ಒಂದು ಜೊತೆ ಬಟ್ಟೆ ಹೆಚ್ಚಿಗೆ ಬಿತ್ತು, ಬಿಪಿ ಮಾತ್ರೆಯೂ ನಾಲ್ಕು ದಿನಕ್ಕಾಗುವಷ್ಟು.

ವ್ಯವಹಾರದ ಪ್ರಯಾಣ ಅಂದರೆ ಇಲ್ಲಿ ಇದೇ. ಪತ್ರಿಕೆಗಳ ಧಾರಣೆ ಪಟ್ಟಿಯಲ್ಲಿ ಶಿರಸಿ, ಸಿದ್ದಾಪುರ, ಯಲ್ಲಾಪುರದ ಹೆಸರುಗಳು ಅಕ್ಕಪಕ್ಕದಲ್ಲಿರುತ್ತವೆ. ಇಲ್ಲಿನ ಅಡಿಕೆ ಉತ್ತರ ಭಾರತದವರೆಗೂ ಹೋಗುತ್ತದೆ. ಆದರೆ ಮೂರೂ ಪಟ್ಟಣಗಳಲ್ಲಿ ರೈಲು ನಿಲ್ದಾಣವಿಲ್ಲ, ವಿಮಾನದ ಮಾತಂತೂ ದೂರ. ಯಲ್ಲಾಪುರದ ಮೇಲೆ ಹಾಯಬೇಕಾದ ಹುಬ್ಬಳ್ಳಿ–ಅಂಕೋಲಾ ರೈಲು ಮಾರ್ಗ ಮಂಜೂರಾಗಿ ಕಾಲು ಶತಮಾನ ದಾಟಿತು. ಕಾಡು ಉಳಿಯಬೇಕೋ ಹಳಿ ಬರಬೇಕೋ ಎಂಬ ಜಗಳ ಇನ್ನೂ ಹರಿದಿಲ್ಲ. ಸಿದ್ದಾಪುರದವರಿಗೆ ಮಾತ್ರ ತಾಳಗುಪ್ಪ ಹತ್ತಿರ, ಇಪ್ಪತ್ತು ಕಿಲೋಮೀಟರಿನೊಳಗೆ. ರಾತ್ರಿ ರೈಲು ಹತ್ತಿದರೆ ಬೆಳಕು ಹರಿಯುವ ಹೊತ್ತಿಗೆ ಬೆಂಗಳೂರು. ಆ ಹಳಿಯೂ ಗೇಜ್ ಪರಿವರ್ತನೆಗೆಂದು ವರ್ಷಗಟ್ಟಲೆ ಮುಚ್ಚಿತ್ತು. ಆಗ ಊರಿನವರು ಶಿವಮೊಗ್ಗದ ಬಸ್ಸಿಗೆ ಜೋತುಬಿದ್ದು ದಿನ ದೂಡಿದರು.

ನಗರದವರಿಗೂ ದಾರಿ ಬಂದ್ ಆಗುವುದು ಹೊಸದಲ್ಲ. ಮಂಗಳೂರು ವಿಮಾನ ನಿಲ್ದಾಣದ ರನ್‌ವೇಗೆ ಹೊಸ ಹಾಸು ಹಾಕಲು 2023ರ ಜನವರಿ ಕೊನೆಯಿಂದ ಮೇ ಕೊನೆಯವರೆಗೆ, ಭಾನುವಾರ ಬಿಟ್ಟು, ಹಗಲು ಹೊತ್ತು ವಿಮಾನಗಳನ್ನೇ ನಿಲ್ಲಿಸಿದ್ದರು. 2025ರ ಜೂನ್‌ನಿಂದ ಸಕಲೇಶಪುರ–ಸುಬ್ರಹ್ಮಣ್ಯ ಘಟ್ಟದ ಹಳಿಗೆ ವಿದ್ಯುತ್ ತಂತಿ ಎಳೆಯುವ ಕೆಲಸಕ್ಕಾಗಿ ಬೆಂಗಳೂರಿನಿಂದ ಕರಾವಳಿಗೆ ಬರುವ ಹಗಲು ರೈಲುಗಳು ತಿಂಗಳುಗಟ್ಟಲೆ ರದ್ದಾದವು. ಕಾರವಾರದ ಹಗಲು ರೈಲೂ ಅದರಲ್ಲಿತ್ತು, ಕುಮಟಾ, ಅಂಕೋಲಾಕ್ಕೆ ಪಂಚಗಂಗಾ ರಾತ್ರಿ ರೈಲೇ ಗತಿಯಾಯಿತು. ತೊಂದರೆಯಾಗಲಿಲ್ಲವೆಂದಲ್ಲ. ಆದರೆ ತಾರೀಖು ಮೊದಲೇ ಗೊತ್ತಿತ್ತು. ಟಿಕೆಟ್ ಬದಲಿಸಲು, ಸಭೆ ಮುಂದೂಡಲು, ಹುಬ್ಬಳ್ಳಿಯಿಂದ ವಿಮಾನ ಹಿಡಿಯಲು ಪುರುಸೊತ್ತಿತ್ತು. ದಿನ ಗೊತ್ತಿದ್ದರೆ ಅರ್ಧ ಕಷ್ಟ ಕಳೆದಂತೆ.

ಘಟ್ಟ ಹೇಳಿ ಕುಸಿಯುವುದಿಲ್ಲ. 2021ರ ಜುಲೈ ಮಳೆಗೆ ಅರಬೈಲ್ ಘಟ್ಟದ ಹೆದ್ದಾರಿ ಜರಿಯಿತು. ಅದೇ ಮಳೆಯಲ್ಲಿ ಯಲ್ಲಾಪುರ ತಾಲ್ಲೂಕಿನ ಕಳಚೆಯ ಗುಡ್ಡ, ತೋಟ, ಮನೆಗಳು ಜಾರಿದವು. 2024ರ ಜುಲೈ 16ರ ಬೆಳಿಗ್ಗೆ ಅಂಕೋಲಾ ಬಳಿಯ ಶಿರೂರಿನಲ್ಲಿ ಗುಡ್ಡ ಹೆದ್ದಾರಿಗೆ ಬಿದ್ದು ಜೀವಗಳು ಹೋದವು. ಕರಾವಳಿಯ ರಸ್ತೆ ದಿನಗಟ್ಟಲೆ ಮುಚ್ಚಿತು. ಅಂಥ ದಿನ ಮುಖ್ಯ ರಸ್ತೆಯೆಂದರೆ ಯಲ್ಲಾಪುರದವನ ಪಾಲಿಗೆ ಲಾರಿಗಳ ಸಾಲು. ಚಾಲಕರು ಟಾರ್ಪಾಲಿನ ಕೆಳಗೆ ಸ್ಟವ್ ಹಚ್ಚಿ ಅನ್ನಕ್ಕಿಡುತ್ತಾರೆ, ಹೋಟೆಲಿನವರು ಸಂಜೆಗೆ ಎರಡನೇ ಸಲ ಇಡ್ಲಿ ಹಿಟ್ಟು ರುಬ್ಬುತ್ತಾರೆ. ಬಂದ್‌ನಿಂದ ವ್ಯಾಪಾರ ಕುದುರುವ ಅಂಗಡಿಗಳೂ ಇವೆ ಎಂಬುದನ್ನು ಮುಚ್ಚಿಡಬೇಕಿಲ್ಲ.

ಹಾಗಾಗಿ ಇಲ್ಲಿ ಅಂಗಡಿ ನಡೆಸುವವರ ತಲೆಯಲ್ಲಿ ನಾಲ್ಕೈದು ದಾರಿ ಸದಾ ಇರುತ್ತವೆ. ದೇವಿಮನೆ ಮುಚ್ಚಿದರೆ ಸಿದ್ದಾಪುರದಿಂದ ಕುಮಟಾಕ್ಕಿಳಿಯುವ ದೊಡ್ಡಮನೆ. ಅದು ಕಿರಿದು, ಎದುರಿಗೆ ಬಸ್ಸು ಬಂದರೆ ಕಾರಿನವ ಹಿಂದೆ ಸರಿಯಬೇಕು. ಮತ್ತಿಘಟ್ಟದ ಕಡೆಯಿಂದ ಅಂಕೋಲಾಕ್ಕೆ ವಡ್ಡಿ ಘಟ್ಟ, ಧೈರ್ಯವಿದ್ದವರಿಗೆ. ಭಾರದ ವಾಹನಕ್ಕೆ ಮಾವಿನಗುಂಡಿ, ಇಲ್ಲವೇ ಯಲ್ಲಾಪುರ ಸುತ್ತಿಕೊಂಡು ಅರಬೈಲ್. 2024ರ ಡಿಸೆಂಬರ್‌ನಲ್ಲಿ ಶಿರಸಿ–ಕುಮಟಾ ಹೆದ್ದಾರಿ ಕೆಲಸಕ್ಕೆಂದು ಸಂಚಾರ ನಿಲ್ಲಿಸಿದಾಗ ಈ ಒಳದಾರಿಗಳೇ ಊರನ್ನು ಕಾಪಾಡಿದವು. ಅವುಗಳ ಡಾಂಬರು ಎದ್ದುಹೋದದ್ದೂ ನಿಜ.

ಇಷ್ಟು ದಾರಿಗಳ ಪೈಕಿ ಇವತ್ತು ಯಾವುದು ತೆರೆದಿದೆ ಎಂದು ಹೇಳುವವರು ಯಾರು? ಆದೇಶ ಜಿಲ್ಲಾ ಕೇಂದ್ರದಲ್ಲಿ ಹೊರಡುತ್ತದೆ, ವಾಟ್ಸಾಪಿನಲ್ಲಿ ಸುತ್ತುತ್ತದೆ. ಹೋದ ವರ್ಷದ ಆದೇಶದ ಫೋಟೋ ಈ ವರ್ಷವೂ ಬಂದು ಜನರನ್ನು ಅರ್ಧ ದಾರಿಯಿಂದ ವಾಪಸು ಕಳಿಸುತ್ತದೆ. ಕೊನೆಗೆ ನಂಬಿಕೆಗೆ ಬರುವುದು ಘಟ್ಟದ ದಾರಿಯ ರಾಗಿಹೊಸಳ್ಳಿಯ ಚಹಾ ಅಂಗಡಿಗೆ ಮಾಡಿದ ಫೋನು, ಇಲ್ಲವೇ ಆಗಷ್ಟೇ ಘಟ್ಟ ಹತ್ತಿ ಬಂದ ಬಸ್ಸಿನ ಕಂಡಕ್ಟರ್ ಮಾತು. ಪರಊರಿನಿಂದ ಮೊದಲ ಸಲ ಬರುವ ಖರೀದಿದಾರನಿಗೆ ಚಹಾ ಅಂಗಡಿಯವನ ನಂಬರು ಎಲ್ಲಿ ಸಿಗಬೇಕು?

ಮಾರುಕಟ್ಟೆಯಲ್ಲಿ ರಾಶಿಗೆಷ್ಟು, ಚಾಲಿಗೆಷ್ಟು ಎಂಬುದು ಟೆಂಡರ್ ಮುಗಿದ ದಿನವೇ ಊರಿಗೆಲ್ಲ ಗೊತ್ತಾಗುತ್ತದೆ. ಅದೇ ಶಿಸ್ತು ರಸ್ತೆಗೂ ಬರಲಿ. ಮಳೆಗಾಲದ ನಾಲ್ಕು ತಿಂಗಳು ಮೂರೂ ಪಟ್ಟಣಗಳ ಬಸ್ ನಿಲ್ದಾಣಗಳಲ್ಲಿ, ಕುಮಟಾ, ಅಂಕೋಲಾ, ತಾಳಗುಪ್ಪ ರೈಲು ನಿಲ್ದಾಣಗಳಲ್ಲಿ ದಿನಕ್ಕೆರಡು ಸಲ ಬರೆಯುವ ಒಂದು ಕಪ್ಪು ಹಲಗೆ ಸಾಕು: ಯಾವ ಘಟ್ಟ ತೆರೆದಿದೆ, ಯಾವ ಗಾತ್ರದ ವಾಹನಕ್ಕೆ, ಎಷ್ಟು ಗಂಟೆಗೆ ಬರೆದದ್ದು. ಜಿಲ್ಲಾಡಳಿತ ಇದನ್ನು ಬರುವ ಮೇ ತಿಂಗಳೊಳಗೆ ಮಾಡಲಿ.