ಮುಳ್ಳು ನೂರು ದಾಟಿದಾಗ

ಸರಕಾರಿ ಕಚೇರಿಯ ಗುಮಾಸ್ತನಿಗೂ ವೇಗಕ್ಕೂ ಎಣ್ಣೆ-ಸೀಗೆಕಾಯಿಯ ಸಂಬಂಧ. ನಮ್ಮಲ್ಲಿ ಒಂದು ಕಡತ ಈ ಮೇಜಿನಿಂದ ಎದುರಿನ ಮೇಜಿಗೆ ಹೋಗಬೇಕಾದರೆ ಮೂರು ದಿನ ಹಿಡಿಯುತ್ತದೆ. ಸಹಿಯಾಗಿ ತಿರುಗಿ ಬರಬೇಕಾದರೆ ಮತ್ತೊಂದು ವಾರ. ಹುಬ್ಬಳ್ಳಿ ಬಿಟ್ಟು ಪುಣೆಗೆ ಬಂದ ಈ ಹನ್ನೊಂದು ವರ್ಷಗಳಲ್ಲಿ ನಾನು ಸಂಪಾದಿಸಿದ್ದು ಒಂದು ಸ್ಕೂಟರು, ಆಮೇಲೆ ಯಾರೋ ಬಳಸಿ ಬಿಟ್ಟ ಒಂದು ಚಿಕ್ಕ ಕಾರು. ಆ ಕಾರಿನ ವಿಷಯ ಹೇಳುವುದಾದರೆ, ಮುಳ್ಳು ಎಂಬತ್ತರ ಹತ್ತಿರ ಬಂತೆಂದರೆ ಬಾಗಿಲು, ಕಿಟಕಿ, ಡಿಕ್ಕಿಯೊಳಗಿನ ಜ್ಯಾಕು ಎಲ್ಲವೂ ಒಟ್ಟಾಗಿ ಭಜನೆಗೆ ಕೂಡುತ್ತವೆ. ನನ್ನ ಕಾಲು ತಾನಾಗಿ ಮೇಲೇಳುತ್ತದೆ. ಇಷ್ಟು ದಿನ ನಾನು ಇದನ್ನು ನನ್ನ ಸಂಯಮವೆಂದೇ ತಿಳಿದುಕೊಂಡಿದ್ದೆ.

2024ರ ಡಿಸೆಂಬರಿನಲ್ಲಿ ಮುಂಬಯಿಯ ಮಾಟುಂಗಾದಲ್ಲಿ ನಮ್ಮ ಬಳಗದಲ್ಲೊಂದು ಮದುವೆ. ನನ್ನ ಕಾಕಾನ ಮಗ ಚಾಕಣದಲ್ಲಿ ಯಂತ್ರದ ಬಿಡಿಭಾಗ ಮಾಡುವ ಕಾರಖಾನೆ ಇಟ್ಟವನು, ಅನುಕೂಲಸ್ಥ. ಅವನು ಎರಡು ದಿನ ಮೊದಲೇ ರೈಲಿನಲ್ಲಿ ಹೋಗಿದ್ದ. ಮದುಮಗನನ್ನು ಕೂಡಿಸಿ ತರಲು ಅವನ ಜರ್ಮನ್ ಕಾರೇ ಬೇಕೆಂದು ಬೀಗರ ಅಪೇಕ್ಷೆ. ಅವನ ಡ್ರೈವರನಿಗೋ ಜ್ವರ. ‘ನೀನs ತಗೊಂಡ್ ಬಾರಪಾ’ ಎಂದು ಫೋನಿನಲ್ಲಿ ಹೇಳಿದ. ನಾನು ಎರಡು ಸಲ ಬೇಡವೆಂದೆ. ಮೂರನೆಯ ಸಲ ಅವನು ಕೇಳದೆ ಇದ್ದುಬಿಟ್ಟಾನು ಎಂದು ಹೆದರಿ ಒಪ್ಪಿಕೊಂಡೆ.

ಬೆಳಿಗ್ಗೆ ಆರಕ್ಕೆ ಹೊರಟೆವು. ಹಿಂದಿನ ಆಸನದಲ್ಲಿ ನನ್ನ ಹೆಂಡತಿ, ಆರು ವರ್ಷದ ಮಗಳು. ನನ್ನ ಪಕ್ಕದಲ್ಲಿ ಮಾಮಾ, ಅಂದರೆ ನಮ್ಮ ತಾಯಿಯ ತಮ್ಮ. ಮೂವತ್ತೊಂದು ವರ್ಷ ಸಾರಿಗೆ ಬಸ್ಸು ನಡೆಸಿ ನಿವೃತ್ತರಾದವರು. ಅವರು ಕುಳಿತ ಕೂಡಲೆ ಬೆಲ್ಟು ಎಳೆದು ಕಟ್ಟಿಕೊಂಡರು. ಹಿಂದಿನವರು ಕಟ್ಟಲಿಲ್ಲ. ನಾನೂ ಹೇಳಲಿಲ್ಲ.

ಮುಂಬಯಿ-ಪುಣೆ ದ್ರುತಮಾರ್ಗ ನಿಮ್ಮಲ್ಲಿ ಅನೇಕರಿಗೆ ಮನೆಯ ಅಂಗಳವಿದ್ದಂತೆ. 94.5 ಕಿಲೋಮೀಟರಿನ ಆರು ಸಾಲಿನ ಈ ರಸ್ತೆ 2002ರಲ್ಲಿ ಪೂರ್ಣವಾಗಿ ತೆರೆಯಿತು. ಬಯಲಿನಲ್ಲಿ ಕಾರುಗಳಿಗೆ ಗಂಟೆಗೆ 100ರ ಮಿತಿ, ಘಟ್ಟದಲ್ಲಿ ಅದಕ್ಕಿಂತ ಬಹಳ ಕಡಿಮೆ. ಲೋಣಾವಳ, ಖಂಡಾಳ ದಾಟುವವರೆಗೆ ನಾನು ಸಭ್ಯ ಗೃಹಸ್ಥನಂತೆಯೇ ನಡೆಸಿದೆ. ತಿರುವುಗಳು, ಸುರಂಗಗಳು, ಉಸಿರು ಬಿಗಿಹಿಡಿದು ಇಳಿಯುವ ಲಾರಿಗಳು. ಬೇರೆ ಉಪಾಯವೂ ಇರಲಿಲ್ಲ. ಖಾಲಾಪುರದ ಟೋಲು ಕಳೆದು ರಸ್ತೆ ಮುಂದೆ ಹಾಸಿಕೊಂಡಾಗ ನನ್ನ ನಿಜವಾದ ಪರೀಕ್ಷೆ ಸುರುವಾಯಿತು.

ಅಂಥ ಕಾರು ಮನುಷ್ಯನನ್ನು ಹೇಗೆ ಕೆಡಿಸುತ್ತದೆಂಬುದನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಅದು ‘ಓಡಿಸು, ಓಡಿಸು’ ಎಂದು ಹುರಿದುಂಬಿಸುತ್ತದೆಂದು ನಾನು ಭಾವಿಸಿದ್ದೆ. ಹಾಗಲ್ಲ. ಅದು ಏನನ್ನೂ ಹೇಳುವುದಿಲ್ಲ. ವೇಗದ ಸುದ್ದಿಯನ್ನು ನಮಗೆ ಮುಟ್ಟಿಸುವ ಗಾಳಿಯ ಸದ್ದು, ಟಯರಿನ ಗುಂಯ್‌ಗುಡಿತ, ಸ್ಟಿಯರಿಂಗಿನ ನಡುಕ, ಆಸನದ ಕುಲುಕಾಟ ಇವೆಲ್ಲವನ್ನೂ ಅದನ್ನು ಕಟ್ಟಿದ ಎಂಜಿನಿಯರರು ಲಕ್ಷಾಂತರ ರೂಪಾಯಿ ಸುರಿದು ಬಾಗಿಲ ಹೊರಗೇ ನಿಲ್ಲಿಸಿಬಿಟ್ಟಿದ್ದಾರೆ. ದಪ್ಪ ಗಾಜು, ಬಾಗಿಲ ಸುತ್ತ ಇಮ್ಮಡಿ ರಬ್ಬರು, ಹಳ್ಳ ದಿಣ್ಣೆಗಳನ್ನು ನುಂಗುವ ಸ್ಪ್ರಿಂಗುಗಳು. ಒಳಗೆ ಕುಳಿತವನಿಗೆ 140 ಎಂಬುದು ನನ್ನ ಹಳೆಯ ಕಾರಿನ 60ರಂತೆ ತೋರುತ್ತದೆ. ಮಾಮಾ ಅದನ್ನು ನನಗಿಂತ ಮೊದಲೇ ಗುರುತಿಸಿದರು. ‘ತಮ್ಮಾ, ಇದು ಓಡಾಕತ್ತೈತೋ ನಿಂತೈತೋ ಒಂದೂ ತಿಳೀವಲ್ದಲ್ಲೋ’ ಎಂದರು. ನಾನು ಅದನ್ನು ಹೊಗಳಿಕೆಯೆಂದು ತಿಳಿದೆ.

ಇನ್ನೊಂದು ಮಾತನ್ನು ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಬಲಗಡೆಯ ಸಾಲಿನಲ್ಲಿ ನಾನು ಹಿಂದಿನಿಂದ ಬಂದರೆ ಸಾಕು, ಮುಂದಿದ್ದ ಗಾಡಿಗಳು ಕನ್ನಡಿಯಲ್ಲಿ ಆ ಕಾರಿನ ಮೋರೆ ಕಂಡು ತಾವಾಗಿಯೇ ಸರಿದುಕೊಳ್ಳುತ್ತಿದ್ದವು. ರೇಶನ್ ಅಂಗಡಿಯಿಂದ ಹಿಡಿದು ಬಡತಿಯ ಪಟ್ಟಿಯವರೆಗೆ ಜೀವಮಾನವೆಲ್ಲ ಸರತಿಯಲ್ಲಿ ನಿಂತವನು ನಾನು. ನನಗಾಗಿ ಯಾರೂ ದಾರಿ ಬಿಟ್ಟವರಲ್ಲ. ನಮ್ಮ ಸಾಹೇಬರ ಗಾಡಿಯಂಥದೇ ಒಂದು ಬಿಳಿಯ ಗಾಡಿ ಎದುರಿಗಿತ್ತು. ಅದನ್ನು ಹಿಂದೆ ಹಾಕುವಾಗ ನನ್ನ ಎದೆಯಲ್ಲಾದ ಆನಂದವನ್ನು ವೇಗದ ಆನಂದವೆಂದು ಕರೆದರೆ ಸುಳ್ಳಾದೀತು.

ಅಷ್ಟರಲ್ಲಿ ಕಾರು ಒಂದೇ ಸಮನೆ ಕೂಗತೊಡಗಿತು. 2019ರ ಜುಲೈಯಿಂದ ತಯಾರಾಗುವ ಕಾರುಗಳಲ್ಲೆಲ್ಲ ಈ ಎಚ್ಚರಿಕೆಯ ಸದ್ದು ಕಡ್ಡಾಯ. 80 ದಾಟಿದರೆ ಆಗಾಗ, 120 ದಾಟಿದರೆ ಬಿಡುವಿಲ್ಲದೆ. ಮಗಳು ಎರಡು ಆಸನಗಳ ನಡುವೆ ಎದ್ದುನಿಂತು, ‘ಅಪ್ಪಾ, ಅದ್ಯಾಕ ಅಳಾಕತ್ತೈತಿ?’ ಎಂದು ಕೇಳಿದಳು. ನಾನು ಹಾಡಿನ ಗುಂಡಿ ತಿರುವಿ ಸದ್ದು ಹೆಚ್ಚು ಮಾಡಿದೆ. ಆ ಗಳಿಗೆಯನ್ನು ನೆನೆದರೆ ಈಗಲೂ ರಾತ್ರಿ ಮಗ್ಗುಲು ಬದಲಿಸುತ್ತೇನೆ.

ಮುಳ್ಳು 145ರ ಹತ್ತಿರವಿತ್ತು. ಮುಂದೆ ನಡುವಿನ ಸಾಲಿನಲ್ಲಿದ್ದ ಒಂದು ಲಾರಿ, ತನಗಿಂತ ನಿಧಾನವಾದ ಇನ್ನೊಂದು ಲಾರಿಯನ್ನು ದಾಟಲೆಂದು ನನ್ನ ಸಾಲಿಗೆ ಹೊರಳಿತು. ಅದರ ವೇಗ ಅರವತ್ತೂ ಇದ್ದಿರಲಾರದು. ನಾನು ಬ್ರೇಕಿನ ಮೇಲೆ ನಿಂತೇಬಿಟ್ಟೆ. ಕಾರು ಒಳ್ಳೆಯದೇ, ಅಡ್ಡಾದಿಡ್ಡಿ ಹೋಗಲಿಲ್ಲ. ಲಾರಿಯ ಹಿಂಬದಿಯ ಕಬ್ಬಿಣದ ಪಟ್ಟಿ ಒಂದು ಮಾರು ದೂರವಿದ್ದಾಗ ಎರಡೂ ಗಾಡಿಗಳ ವೇಗ ಸಮನಾಯಿತು. ಆದರೆ ಮಗಳು ಮುಂದಕ್ಕೆ ಹಾರಿ ಬಂದಿದ್ದಳು. ಮಾಮಾರ ಎಡಗೈ ಅಡ್ಡ ಬಂದಿರದಿದ್ದರೆ ಅವಳು ಗಾಜಿಗೆ ಬಡಿಯುತ್ತಿದ್ದಳು. ತುಟಿ ಹಲ್ಲಿಗೆ ಸಿಕ್ಕು ರಕ್ತ ಬಂದು, ಮದುವೆಗೆಂದು ಹೊಲಿಸಿದ ಹಳದಿ ಪರಕಾರದ ಮೇಲೆ ಬಿತ್ತು. ಯಾರೂ ಮಾತಾಡಲಿಲ್ಲ. ಹಾಡು ಮಾತ್ರ ಜೋರಾಗಿ ನಡೆದೇ ಇತ್ತು.

ಮಾಮಾ ಕೈ ಚಾಚಿ ಹಾಡು ನಿಲ್ಲಿಸಿದರು. ‘ನನ್ನ ಬಸ್ಸಿಗೆ ನೂರಾ ಚಿಲ್ಲರೆ ಕುದರಿ, ಒಳಗ ಐವತ್ತೈದು ಮಂದಿ. ನಿನಗ ಎಷ್ಟ್ ಮಂದಿ ಅದಾರ, ಎಣಿಸಿಕೊಂಡಿ ಏನು?’ ಎಂದು ಅಷ್ಟೇ ಕೇಳಿದರು. ಬೈದಿದ್ದರೆ ಚೆನ್ನಾಗಿತ್ತು.

ನಾನು ಲೆಕ್ಕದ ಮನುಷ್ಯ. ಆಮೇಲೆ ಕಾಗದ ಪೆನ್ಸಿಲು ಹಿಡಿದು ಕುಳಿತೆ. 100ರಲ್ಲಿ ಹೋಗುವ ಕಾರು ಸೆಕೆಂಡಿಗೆ 28 ಮೀಟರು ಸಾಗುತ್ತದೆ. ಕಣ್ಣು ಕಂಡು ಕಾಲು ಬ್ರೇಕಿಗೆ ಬರಲು ಒಂದು ಸೆಕೆಂಡು ಹಿಡಿಯಿತೆನ್ನೋಣ. ಒಣ ರಸ್ತೆಯಲ್ಲಿ ಗಟ್ಟಿಯಾಗಿ ಬ್ರೇಕು ಒತ್ತಿದರೆ ನಿಲ್ಲಲು ಇನ್ನು 55 ಮೀಟರು. ಒಟ್ಟು 83. ವೇಗ 140 ಆದರೆ ಆ ಒಂದು ಸೆಕೆಂಡಿಗೇ 39 ಮೀಟರು, ಬ್ರೇಕಿಗೆ 108, ಒಟ್ಟು 147. ಇಲ್ಲಿಯವರೆಗೆ ಶಾಲೆಯ ಹುಡುಗರೂ ಮಾಡಿಯಾರು. ನನ್ನ ಕೈಯಿಂದ ಪೆನ್ಸಿಲು ಬೀಳುವಂತೆ ಮಾಡಿದ್ದು ಮುಂದಿನ ಲೆಕ್ಕ: 100ರಲ್ಲಿ ಬಂದ ಕಾರು ಪೂರ್ತಿ ನಿಂತುಬಿಟ್ಟಿರುವ ಆ 83ನೆಯ ಮೀಟರಿನಲ್ಲಿ 140ರಲ್ಲಿ ಬಂದ ಕಾರು ಇನ್ನೂ ಗಂಟೆಗೆ 108ರ ವೇಗದಲ್ಲಿರುತ್ತದೆ. ಇನ್ನು ಉಳಿತಾಯದ ಮಾತು. ಘಟ್ಟವೇ ಇಲ್ಲವೆಂದು ತಿಳಿದು ಇಡೀ ದ್ರುತಮಾರ್ಗವನ್ನು 100ರ ಬದಲು 140ರಲ್ಲಿ ಓಡಿಸಿದರೂ ಉಳಿಯುವುದು 16 ನಿಮಿಷ. ನನ್ನದು ಕೆಲವೇ ನಿಮಿಷ. ಅವನ್ನೂ ವಾಶಿಯ ಸೇತುವೆಯ ಮೇಲಿನ ಗಾಡಿಗಳ ಸಾಲು ಬಡ್ಡಿ ಸಹಿತ ವಸೂಲು ಮಾಡಿತು.

ಹಿಂದಿನ ಆಸನದ ಬೆಲ್ಟಿನ ವಿಷಯದಲ್ಲಿ ನನಗೆ ತಿಳಿದಿರಲಿಲ್ಲವೆನ್ನುವಂತಿಲ್ಲ. 2022ರ ಸೆಪ್ಟೆಂಬರ್ 4ರಂದು ಪಾಲಘರ್ ಜಿಲ್ಲೆಯಲ್ಲಿ, ಸೂರ್ಯಾ ನದಿಯ ಸೇತುವೆಯ ಹತ್ತಿರ, ಟಾಟಾ ಸನ್ಸಿನ ಮಾಜಿ ಅಧ್ಯಕ್ಷ ಸೈರಸ್ ಮಿಸ್ತ್ರಿ ತೀರಿಕೊಂಡಾಗ ವಾರಗಟ್ಟಲೆ ಪತ್ರಿಕೆಗಳಲ್ಲಿ ಅದೇ ಚರ್ಚೆ. ಅವರಿದ್ದದ್ದೂ ಇಂಥದೇ ದುಬಾರಿ ಜರ್ಮನ್ ಕಾರು. ಬೆಲ್ಟಿಲ್ಲದೆ ಹಿಂದೆ ಕುಳಿತಿದ್ದ ಇಬ್ಬರೂ ಉಳಿಯಲಿಲ್ಲ. ಮುಂದಿನ ಇಬ್ಬರು ಗಾಯಗೊಂಡು ಬದುಕಿದರು. ನಾನು ಅದನ್ನು ಚಹದ ಜೊತೆಗೆ ಓದಿ, ಪಕ್ಕದ ಮೇಜಿನವರಿಗೆ ವಿವರಿಸಿ ಹೇಳಿದವನೇ.

ನಮ್ಮ ಪುಣೆಯದೇ ಕಥೆ ಇನ್ನೊಂದು. 2024ರ ಮೇ 19ರ ನಡುರಾತ್ರಿಯ ಮೇಲೆ ಕಲ್ಯಾಣಿ ನಗರದಲ್ಲಿ ಒಂದು ಪೋರ್ಶೆ ಕಾರು ಮೋಟಾರ್‌ಸೈಕಲ್ಲಿಗೆ ಬಡಿದು, ಮಧ್ಯಪ್ರದೇಶದಿಂದ ಕೆಲಸಕ್ಕೆ ಬಂದಿದ್ದ ಇಬ್ಬರು ತರುಣ ಎಂಜಿನಿಯರರು ಸತ್ತರು. ಕಾರು ನಡೆಸುತ್ತಿದ್ದವನು 17 ವರ್ಷದ ಹುಡುಗನೆಂದು ಪೊಲೀಸರು ಹೇಳಿದರು. ಜಾಮೀನಿನ ಕರಾರಿನಲ್ಲಿ 300 ಶಬ್ದಗಳ ಪ್ರಬಂಧ ಬರೆಯಬೇಕೆಂದಿದ್ದುದಕ್ಕೆ ದೇಶವೆಲ್ಲ ಸಿಟ್ಟಾಯಿತು. ಗುಮಾಸ್ತನಾದ ನನ್ನ ಕಣ್ಣಿಗೆ ಬಿದ್ದದ್ದು ಮಾತ್ರ ಬೇರೊಂದು ಅಂಕಿ. ಬೆಂಗಳೂರಿನಿಂದ ತಾತ್ಪೂರ್ತಿಕ ನೋಂದಣಿಯ ಮೇಲೆ ಬಂದ ಆ ಕಾರಿನ ಕಾಯಂ ನೋಂದಣಿ, 1,758 ರೂಪಾಯಿ ಶುಲ್ಕ ಕಟ್ಟದ್ದರಿಂದ ನಿಂತುಹೋಗಿತ್ತು. ಕೋಟಿಯ ಮೇಲೆ ಬೆಲೆಯ ಕಾರು! ಆಗ ನಾನೂ ಎಲ್ಲರಂತೆ ‘ಶ್ರೀಮಂತರ ಮಕ್ಕಳ ಸೊಕ್ಕು’ ಎಂದಿದ್ದೆ. ಏಳು ತಿಂಗಳೂ ಕಳೆದಿರಲಿಲ್ಲ, ನಲವತ್ತೈದು ನಿಮಿಷದ ಮಟ್ಟಿಗೆ ಇನ್ನೊಬ್ಬರ ಶ್ರೀಮಂತಿಕೆ ನನ್ನ ಕಾಲ ಕೆಳಗೆ ಸಿಕ್ಕಿದ್ದೇ ತಡ, ನಾನು ಮಾಡಿದ್ದೇನೆಂಬುದನ್ನು ಮೇಲೆ ಬರೆದಿದ್ದೇನೆ.

ಮದುವೆ ಸಾಂಗವಾಯಿತು. ಮಗಳ ತುಟಿ ಊದಿದ್ದನ್ನು ಕಂಡವರಿಗೆಲ್ಲ ‘ಬಿದ್ದಾಳ’ ಎಂದೆವು. ‘ಎಷ್ಟರೊಳಗ ಇತ್ರಿ ಗಾಡಿ?’ ಎಂದು ಹೆಂಡತಿ ಕೇಳಿದ್ದಕ್ಕೆ ‘ನೂರರ ಹತ್ತಿರ’ ಎಂದೆ. ನಾಲ್ಕೈದು ದಿನಗಳ ಮೇಲೆ ಕಾಕಾನ ಮಗನ ಫೋನಿಗೆ ದಂಡದ ಚಲನ್ನು ಬಂತು. ಆ ರಸ್ತೆಯಲ್ಲಿ ಕ್ಯಾಮೆರಾಗಳಿರುವುದನ್ನು ಮರೆತಿದ್ದೆ. ಕಾರಿನ ಚಿತ್ರ, ತಾರೀಖು, ವೇಳೆ, ವೇಗ: 140. ಕಾರಿನ ಮುಳ್ಳು ನಿಜಕ್ಕಿಂತ ಒಂದಿಷ್ಟು ಹೆಚ್ಚನ್ನೇ ತೋರಿಸುತ್ತದಂತೆ. ಸರಕಾರದ ಲೆಕ್ಕ ಸರಿಯಾಗಿತ್ತು. ಅವನು ದಂಡ ತಾನೇ ಕಟ್ಟಿ, ‘ಭಲೇ ಗುಮಾಸ್ತ!’ ಎಂದು ಬರೆದು ನನಗೆ ಕಳಿಸಿದ. ಆ ಹೊತ್ತಿಗೆ ನನ್ನ ಫೋನು ಹೆಂಡತಿಯ ಕೈಯಲ್ಲಿತ್ತು. ಅವಳು ನೋಡಿದಳು, ಮೇಜಿನ ಮೇಲಿಟ್ಟಳು, ಒಳಗೆ ಹೋಗಿ ಸಾರಿಗೆ ಒಗ್ಗರಣೆ ಹಾಕಿದಳು.

ಮರುದಿನ ಮಾಮಾ ಊರಿಗೆ ಹೊರಟರು. ಸ್ವಾರಗೇಟಿನವರೆಗೆ ನನ್ನ ಚಿಕ್ಕ ಕಾರಿನಲ್ಲೇ ಬಿಟ್ಟುಬಂದೆ. ಮಗಳು ತಾನೂ ಬರುತ್ತೇನೆಂದಳು. ಹೆಂಡತಿ ಕೆಳಗಿಳಿದು ಬಂದು, ಅವಳನ್ನು ಹಿಂದೆ ಕೂಡಿಸಿ, ಬೆಲ್ಟು ಹಾಕಿ, ಎರಡು ಸಲ ಜಗ್ಗಿ ನೋಡಿ, ನನ್ನ ಕಡೆ ನೋಡದೆ ಮೇಲೆ ಹೋದಳು. ಹುಬ್ಬಳ್ಳಿಯ ಬಸ್ಸಿನಲ್ಲಿ ಮಾಮಾ ಡ್ರೈವರನ ಹಿಂದಿನ ಆಸನವನ್ನೇ ಹುಡುಕಿ ಕುಳಿತರು. ಬಸ್ಸು ಹಿಂದೆ ಸರಿಯುವಾಗ ಅವರು ಮುಂದಕ್ಕೆ ಬಾಗಿ ಆ ಹುಡುಗನಿಗೆ ಏನೋ ಕೇಳುತ್ತಿದ್ದುದು ಕಿಟಕಿಯಲ್ಲಿ ಕಾಣಿಸಿತು.