ಧಕ್ಕೆಯ ಬುಡ ಬದಲಾದ ಬಗೆ

ಅಮೆರಿಕದ ಸಿಯಾಟಲ್ ನಗರದ ಕೋಲ್ಮನ್ ಡಾಕ್‌ನಿಂದ ದಿನವಿಡೀ ಫೆರಿಗಳು ಹೊರಡುತ್ತವೆ. ಬೈನ್‌ಬ್ರಿಜ್ ದ್ವೀಪಕ್ಕೆ 35 ನಿಮಿಷ, ಬ್ರೆಮರ್ಟನ್ ಪಟ್ಟಣಕ್ಕೆ ಒಂದು ಗಂಟೆ. ಮನೆ ಆಚೆ ದಡದಲ್ಲಿ, ಕೆಲಸ ಈಚೆ ದಡದಲ್ಲಿ ಎನ್ನುವವರಿಗೆ ಇದು ನಿತ್ಯದ ಓಡಾಟ. ಕಾರು, ಲಾರಿಗಳನ್ನೂ ಹೊತ್ತೊಯ್ಯುವ ಈ ಫೆರಿಗಳ ಧಕ್ಕೆಯಲ್ಲಿ 2017ರಿಂದ 2023ರವರೆಗೆ ಭಾರಿ ಕಾಮಗಾರಿ ನಡೆಯಿತು. ಹಳೆಯ ಮರದ ಭಾಗಗಳನ್ನು ಬುಡಸಮೇತ ಕಿತ್ತು ಕಾಂಕ್ರೀಟು, ಉಕ್ಕಿನಲ್ಲಿ ಕಟ್ಟಿದರು. ಖರ್ಚು 45 ಕೋಟಿ ಡಾಲರ್ ದಾಟಿತು. ಅಷ್ಟು ವರ್ಷವೂ ಧಕ್ಕೆ ಬಾಗಿಲು ಹಾಕಲಿಲ್ಲ. ಒಂದು ಪಕ್ಕದಲ್ಲಿ ಕಾಮಗಾರಿ, ಇನ್ನೊಂದು ಪಕ್ಕದಲ್ಲಿ ಪ್ರಯಾಣಿಕರು.

ಇಷ್ಟೆಲ್ಲ ಏಕೆ ಬೇಕಾಯಿತು? ಧಕ್ಕೆಯ ಅತಿ ಹಳೆಯ ಮರದ ಭಾಗ 1938ರದ್ದು. ಸಿಯಾಟಲ್‌ನ ಈ ದಡವೋ, ಸಮುದ್ರಕ್ಕೆ ಮಣ್ಣು ತುಂಬಿ ಪಡೆದ ನೆಲ. ಕಡಲಂಚಿನ ಒದ್ದೆ ಮರಳಿನಲ್ಲಿ ನಿಂತು ಕಾಲು ಅದುರಿಸಿದರೆ ಪಾದ ಮೆಲ್ಲನೆ ಹೂತುಹೋಗುವುದಿಲ್ಲವೇ? ಭೂಕಂಪದಲ್ಲಿ ತುಂಬಿದ ಮಣ್ಣಿಗೂ ಅದೇ ಗತಿ. ಕಣಗಳ ನಡುವಿನ ನೀರಿನ ಒತ್ತಡ ಏರಿ ಮಣ್ಣು ದ್ರವದಂತಾಗುತ್ತದೆ, ಭಾರ ಹೊರುವ ಶಕ್ತಿ ಕಳೆದುಕೊಳ್ಳುತ್ತದೆ. 2001ರ ಫೆಬ್ರುವರಿ 28ರಂದು ಇಲ್ಲಿ 6.8 ತೀವ್ರತೆಯ ಭೂಕಂಪ ಆಗಿತ್ತು. ಸಡಿಲ ಮಣ್ಣನ್ನು ದಾಟಿ ಕೆಳಗಿನ ಗಟ್ಟಿ ಪದರದಲ್ಲಿ ನಾಟಿಕೊಳ್ಳುವ ಉಕ್ಕಿನ ಕೊಳವೆ ಕಂಬಗಳೇ ಹೀಗೆ ಕೈಕೊಡುವ ನೆಲಕ್ಕೆ ಪರಿಹಾರ.

ಧಕ್ಕೆಯನ್ನು ಹೊತ್ತಿದ್ದ ಹಳೆಯ ಮರದ ಕಂಬಗಳಲ್ಲಿ ಇನ್ನೊಂದು ಅಪಾಯವೂ ಇತ್ತು. ಮರವನ್ನು ಕೊರೆಯುವ ಹುಳುಗಳಿಂದ ಉಳಿಸಿಕೊಳ್ಳಲು ಹಿಂದೆ ಕ್ರಿಯೋಸೋಟ್ ಕುಡಿಸುತ್ತಿದ್ದರು. ಕಲ್ಲಿದ್ದಲ ಟಾರಿನಿಂದ ತೆಗೆಯುವ ಈ ಕಪ್ಪು ಎಣ್ಣೆ ದಶಕಗಳ ಕಾಲ ನೀರಿಗೆ ಜಿನುಗುತ್ತಲೇ ಇರುತ್ತದೆ. ನಮ್ಮ ಬೂತಾಯಿಯ ಬಳಗಕ್ಕೆ ಸೇರಿದ ಹೆರಿಂಗ್ ಮೀನು ಇಂಥ ಕಂಬಕ್ಕೆ ಮೊಟ್ಟೆ ಅಂಟಿಸಿದರೆ ಭ್ರೂಣಗಳು ಸಾಯುತ್ತವೆ, ಇಲ್ಲವೇ ವಿಕಾರಗೊಳ್ಳುತ್ತವೆ. ಈ ಕಾಮಗಾರಿಯಲ್ಲಿ ಧಕ್ಕೆ ನಿಂತಿರುವ ಕೊಲ್ಲಿಯಿಂದ ಹೊರತೆಗೆದ ಕ್ರಿಯೋಸೋಟ್ ಮರ 7,000 ಟನ್ನಿಗೂ ಹೆಚ್ಚು.

ಆದರೆ ಹೊಸ ಕಂಬ ನೆಡುವುದೂ ಜಲಚರಗಳಿಗೆ ಸಂಕಟವೇ. ಶಬ್ದ ನೀರಿನಲ್ಲಿ ಗಾಳಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು ವೇಗವಾಗಿ ಸಾಗುತ್ತದೆ, ಬಹಳ ದೂರ ತಲುಪುತ್ತದೆ. ಉಕ್ಕಿನ ಕಂಬದ ತಲೆಗೆ ಸುತ್ತಿಗೆ ಯಂತ್ರ ಬಡಿದಾಗ ಏಳುವ ಒತ್ತಡದ ಅಲೆ, ಹತ್ತಿರದ ಮೀನಿನ ಗಾಳಿಚೀಲವನ್ನೇ ಹರಿಯಬಲ್ಲದು. ಅದಕ್ಕೆ ಎಂಜಿನಿಯರುಗಳು ಕಂಬವನ್ನು ಆದಷ್ಟು ಮಟ್ಟಿಗೆ ಕಂಪಿಸುವ ಯಂತ್ರದಿಂದ ಇಳಿಸುತ್ತಾರೆ. ಸುತ್ತಿಗೆ ಅನಿವಾರ್ಯವಾದಾಗ ಕಂಬದ ಸುತ್ತ ಗುಳ್ಳೆಗಳ ಪರದೆ ಎಬ್ಬಿಸುತ್ತಾರೆ. ತೂತುಗಳಿರುವ ಕೊಳವೆಯನ್ನು ಬಳೆಯಂತೆ ಸುತ್ತಿ ಗಾಳಿ ಊದಿದರೆ ಕೆಳಗಿನಿಂದ ಗುಳ್ಳೆಗಳು ಗೋಡೆಯಾಗಿ ಏರುತ್ತವೆ. ನೀರಿನಲ್ಲಿ ಸಾಗುವ ಶಬ್ದ ಗಾಳಿಗುಳ್ಳೆಗೆ ತಾಗಿದೊಡನೆ ಚದುರುತ್ತದೆ, ಒಂದಷ್ಟು ಹಿಂದಿರುಗುತ್ತದೆ.

ನೀರಿನೊಳಗಿನ ಕೆಲಸಕ್ಕೆ ಋತುವಿನ ಕಟ್ಟಳೆಯೂ ಇತ್ತು. ವಸಂತದಿಂದ ಬೇಸಿಗೆಯವರೆಗೆ ಸಾಲ್ಮನ್ ಮರಿಗಳು ನದಿಯಿಂದಿಳಿದು ದಡದ ಆಳವಿಲ್ಲದ ನೀರಿನಗುಂಟ ಸಮುದ್ರಕ್ಕೆ ಸಾಗುತ್ತವೆ. ಆಗ ನೀರಿಗಿಳಿಯುವಂತಿಲ್ಲ; ಕಂಬ ನೆಡುವುದೇನಿದ್ದರೂ ಆಗಸ್ಟಿನಿಂದ ಫೆಬ್ರುವರಿಯ ಒಳಗೆ. ಆ ದಿನಗಳಲ್ಲೂ ವೀಕ್ಷಕರು ನೀರಿನ ಮೇಲೆ ಕಣ್ಣಿಟ್ಟಿರುತ್ತಿದ್ದರು. ಓರ್ಕಾ ತಿಮಿಂಗಿಲಗಳು ಹತ್ತಿರ ಸುಳಿದರೆ ಯಂತ್ರ ನಿಲ್ಲಿಸಬೇಕು. ಈ ಕಡಲಿನ ಓರ್ಕಾಗಳಲ್ಲಿ ಸಾಲ್ಮನ್ ತಿಂದು ಬದುಕುವ ಒಂದು ಗುಂಪು 2005ರಿಂದ ಅಳಿವಿನಂಚಿನ ಪಟ್ಟಿಯಲ್ಲಿದೆ; ಅದರಲ್ಲಿ ಉಳಿದಿರುವುದು ನೂರಕ್ಕಿಂತ ಕಡಿಮೆ.

ಈ ಎಚ್ಚರಿಕೆಯ ನಿಧಾನಗತಿಯ ಭಾರ ಜನರ ಮೇಲೂ ಬಿತ್ತು. ಕಾಯುವ ಜಾಗ ಕುಗ್ಗಿತು, ವಾಹನ ನಿಲ್ಲಿಸುವ ಸಾಲುಗಳು ಬದಲಾಗುತ್ತಲೇ ಇದ್ದವು, ಊರೊಳಗಿಂದ ಧಕ್ಕೆಗೆ ಬರುವ ಕಾಲುಸೇತುವೆಯನ್ನು ಕೆಡವಿ ತಾತ್ಕಾಲಿಕ ದಾರಿ ಮಾಡಿದರು. ಫೆರಿ ತಪ್ಪಿದರೆ ಮುಂದಿನದಕ್ಕೆ ಕಾಯಬೇಕಾದವರಿಗೆ, ಅದರಲ್ಲೂ ವೃದ್ಧರಿಗೆ, ಗಾಲಿಕುರ್ಚಿಯವರಿಗೆ ಪ್ರತಿ ಹೆಚ್ಚುವರಿ ಹೆಜ್ಜೆಯೂ ಲೆಕ್ಕಕ್ಕೆ ಬರುತ್ತದೆ. ಧಕ್ಕೆಯ ಹೊಸ ಕಟ್ಟಡ 2022ರ ನವೆಂಬರಿನಲ್ಲಿ ತೆರೆಯಿತು, ಕಾಲುಸೇತುವೆ ಮರಳಿದ್ದು ಮರುವರ್ಷ. ಆದರೆ ಅದೇ ಎಚ್ಚರಿಕೆ ಬೇಕಾದ ಜನರೂ ಇದ್ದಾರೆ. ಇದೇ ಕೊಲ್ಲಿಯಲ್ಲಿ ಮೀನು ಹಿಡಿಯುವ ಹಕ್ಕು ಸುಕ್ವಾಮಿಶ್, ಮಕಲ್‌ಶೂಟ್ ಮೂಲನಿವಾಸಿಗಳಿಗೆ 1855ರ ಒಪ್ಪಂದದಿಂದ ಬಂದಿದೆ. ಸಾಲ್ಮನ್ ಮರಿ ಉಳಿಯುವುದು ಅವರಿಗೆ ಜೀವನೋಪಾಯದ ಮಾತು.

ಧಕ್ಕೆಯ ನೆರಳು ಮಾತ್ರ ಹಾಗೆಯೇ ಇದೆ. ಮರಿಗಳು ಆ ಕತ್ತಲೆಗೆ ಹೆದರಿ ಆಳದ ನೀರಿಗೆ ಸರಿದು ಬೇಟೆಗಾರ ಮೀನುಗಳಿಗೆ ತುತ್ತಾಗಬಹುದು. ಇದಕ್ಕೆ ಮದ್ದು ಪಕ್ಕದಲ್ಲೇ ಇದೆ. ಅದೇ ದಂಡೆಯ ಹೊಸ ಸಮುದ್ರಗೋಡೆಯ ಮೇಲಿನ ಕಾಲುದಾರಿಗೆ ಗಾಜಿನ ಬಿಲ್ಲೆಗಳನ್ನು ಕೂರಿಸಿ ಕೆಳಗಿನ ನೀರಿಗೆ ಬೆಳಕು ಬಿಟ್ಟಿದ್ದಾರೆ. ಮರಿಗಳು ಬೆಳಕು ಬಿದ್ದ ಆ ನೀರಿನ ದಾರಿಯನ್ನು ಬಳಸುತ್ತಿರುವುದನ್ನು ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ದಾಖಲಿಸಿದ್ದಾರೆ. ಇನ್ನು ಮುಂದೆ ಎಲ್ಲೇ ಧಕ್ಕೆ ಕಟ್ಟಲಿ, ಪ್ರಯಾಣಿಕರ ಲೆಕ್ಕದ ಜೊತೆ ನೀರೊಳಗಿನ ಶಬ್ದ ಮತ್ತು ಬೆಳಕಿನ ಲೆಕ್ಕವನ್ನೂ ನಕ್ಷೆ ಬರೆಯುವಾಗಲೇ ಹಾಕಬೇಕು. ಕೆಲಸ ಮುಗಿದ ಮೇಲೆ ನೆನಪಾದರೆ ಅದಕ್ಕೆ ಜಾಗ ಉಳಿದಿರುವುದಿಲ್ಲ.